ಪುಸ್ತಕ ಬಂತು, ರೇಡಿಯೊದವರು ಕರೆದರು: ಸಂದರ್ಶನಕ್ಕೆ ತಯಾರಾಗುವ ಬಗೆ

ನನ್ನ ಮೊದಲ ರೇಡಿಯೊ ಸಂದರ್ಶನ 15 ನಿಮಿಷದ್ದು. "ನಿಮ್ಮ ಪರಿಚಯ ಮಾಡಿಕೊಳ್ಳಿ ಸಾರ್" ಅಂದರು. ನಾನು ಹುಟ್ಟಿದ ಊರಿನಿಂದ ಶುರು ಮಾಡಿದೆ. ಪ್ರೈಮರಿ ಸ್ಕೂಲಿನ ಮೇಷ್ಟ್ರು, ಹೈಸ್ಕೂಲಿನ ಲೈಬ್ರರಿ, ಮೊದಲ ಕವನ, ಮದುವೆ, ಕೆಲಸ, ಎಲ್ಲ ದಾಟಿ ಪುಸ್ತಕದ ಹತ್ತಿರ ಬರುವಷ್ಟರಲ್ಲಿ 6 ನಿಮಿಷ ಮುಗಿದಿತ್ತು. ನನ್ನ ಪುಸ್ತಕ ಕೆರೆಗಳ ಬಗ್ಗೆ. ಉಳಿದ ಹೊತ್ತಿನಲ್ಲಿ ಅದರ ಮುನ್ನುಡಿಯಲ್ಲಿ ಬರೆದಿದ್ದನ್ನೇ ಒಪ್ಪಿಸಿದೆ. ಪುಸ್ತಕದ ಹೆಸರನ್ನು ನಾನು ಒಮ್ಮೆಯೂ ಹೇಳಲಿಲ್ಲ. ಸಂದರ್ಶಕರು ಕೊನೆಯಲ್ಲಿ ಹೇಳಿದರು, ಅದೂ ತಪ್ಪಾಗಿ.

ಆಮೇಲೆ ಹಲವು ಸಲ ಮೈಕಿನ ಮುಂದೆ ಕೂತಿದ್ದೇನೆ. ಹೋಗುವ ಗೆಳೆಯರಿಗೆ ಹೇಳಿಕೊಟ್ಟಿದ್ದೇನೆ. ಅದರಿಂದ ಗೊತ್ತಾಗಿದ್ದನ್ನು ಇಲ್ಲಿ ಬರೆದಿದ್ದೇನೆ. ಎಲ್ಲಕ್ಕೂ ಬುಡ ಒಂದೇ: ನಾವು ಕಣ್ಣಿಗೆ ಬರೆದು ಅಭ್ಯಾಸ ಆದವರು. ಓದುವವರು ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗುತ್ತಾರೆ. ಕೇಳುವವರು ಎಲ್ಲಿಗೆ ಹೋಗಬೇಕು? ಅವರು ಬೀನ್ಸ್ ಹೆಚ್ಚುತ್ತಿರುತ್ತಾರೆ, ಇಲ್ಲ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ಹೆಜ್ಜೆ 1: ಕರೆಯಲಿ ಅಂತ ಕಾಯಬೇಡಿ

ದೊಡ್ಡ ಹೆಸರಿದ್ದವರನ್ನು ಅವರೇ ಕರೆಯುತ್ತಾರೆ. ಉಳಿದವರು ಬಾಗಿಲು ತಟ್ಟಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಹತ್ತಿರದ ಆಕಾಶವಾಣಿ ಕೇಂದ್ರದ ಕಾರ್ಯಕ್ರಮ ವಿಭಾಗಕ್ಕೆ ಪುಸ್ತಕದ ಎರಡು ಪ್ರತಿ ಮತ್ತು ಒಂದು ಪುಟದ ಪತ್ರ ಕೊಡಿ. ಧಾರವಾಡ, ಮಂಗಳೂರು, ಭದ್ರಾವತಿ, ಕಲಬುರಗಿ, ಹಾಸನ, ಚಿತ್ರದುರ್ಗ, ಮಡಿಕೇರಿ ಹೀಗೆ ಕೇಂದ್ರಗಳಿಗೆ ನಮ್ಮಲ್ಲಿ ಬರವಿಲ್ಲ. 'ಆಕಾಶವಾಣಿ' ಅನ್ನುವ ಹೆಸರು ರೇಡಿಯೊಗೆ ಅಂಟಿದ್ದೂ ನಮ್ಮ ಮೈಸೂರಿನಲ್ಲೇ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರ ಶುರು ಮಾಡಿದ್ದರು. ಅದರ ಹೆಸರು ಅದು.

ಆಕಾಶವಾಣಿಯಲ್ಲಿ ಕಾರ್ಯಕ್ರಮಗಳನ್ನು ಮೂರು ಮೂರು ತಿಂಗಳಿಗೆ ಮೊದಲೇ ಯೋಜಿಸುತ್ತಾರೆ. ಹಾಗಾಗಿ ಬಿಡುಗಡೆಯ ಹಿಂದಿನ ವಾರ ಓಡಿಹೋದರೆ ಪ್ರಯೋಜನ ಕಮ್ಮಿ. ಎರಡು ಮೂರು ತಿಂಗಳು ಮುಂಚೆ ಹೋಗಿ. ಪುಸ್ತಕಕ್ಕೆ ಒಂದು ದಿನ ಹೊಂದುತ್ತದೆಯಾ ಅಂತಲೂ ನೋಡಿ. ನನ್ನ ಕೆರೆ ಪುಸ್ತಕಕ್ಕೆ ಮಾರ್ಚ್ 22, ವಿಶ್ವ ಜಲ ದಿನ. ಮಕ್ಕಳ ಕಥೆಯಾದರೆ ನವೆಂಬರ್ 14. ರಾಜ್ಯೋತ್ಸವದ ದಿನಕ್ಕೆ ಮಾತ್ರ ಕೈ ಹಾಕಬೇಡಿ, ಅಲ್ಲಿ ನೂಕುನುಗ್ಗಲು.

ಸಮುದಾಯ ಬಾನುಲಿಗಳನ್ನು ತುಂಬ ಲೇಖಕರು ಮರೆತೇಬಿಡುತ್ತಾರೆ. ಮಂಗಳೂರಿನ 'ಸಾರಂಗ್', ಮಣಿಪಾಲದ 'ರೇಡಿಯೊ ಮಣಿಪಾಲ' ಇಂಥವು. ಅವುಗಳ ಸದ್ದು ಸುಮಾರು 10 ಕಿಲೋಮೀಟರ್ ಒಳಗೇ ಮುಗಿಯುತ್ತದೆ, ನಿಜ. ಆದರೆ ಒಂದು ಊರಿನ ಬಗ್ಗೆ ಬರೆದ ಪುಸ್ತಕಕ್ಕೆ ಆ ಊರಿನ ಕಿವಿಯೇ ಸಾಕು. ಮೊದಲ ಸಲ ಮಾತಾಡುವವರಿಗೆ ಅಲ್ಲಿ ಭಯವೂ ಜಾಸ್ತಿ ಇರುವುದಿಲ್ಲ.

ಹೆಜ್ಜೆ 2: ಫೋನ್ ಬಂದಾಗ ಕೇಳಬೇಕಾದ್ದು

ಖುಷಿಯಲ್ಲಿ "ಆಯ್ತು ಮೇಡಂ, ಬರ್ತೀನಿ" ಅಂದು ಇಟ್ಟುಬಿಡಬೇಡಿ. ನೇರ ಪ್ರಸಾರವಾ, ರೆಕಾರ್ಡಿಂಗಾ? ಎಷ್ಟು ನಿಮಿಷ? ಒಬ್ಬನೇನಾ, ಜೊತೆಗೆ ಬೇರೆಯವರೂ ಇರುತ್ತಾರಾ? ಕೇಳುಗರು ಫೋನ್ ಮಾಡುತ್ತಾರಾ? ಮಾತಾಡಿಸುವವರು ಯಾರು? ನಡುವೆ ಪುಸ್ತಕದಿಂದ ಓದಬೇಕಾ? ಈ ಆರು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ.

ನಿಮಿಷದ ಲೆಕ್ಕ ಮುಖ್ಯ. ಸಾವಧಾನವಾಗಿ ಮಾತಾಡಿದರೆ ನನ್ನ ಬಾಯಲ್ಲಿ ನಿಮಿಷಕ್ಕೆ ಸುಮಾರು 100 ಪದ ಬರುತ್ತವೆ. 15 ನಿಮಿಷದ ಸಂದರ್ಶನದಲ್ಲಿ ಶೀರ್ಷಿಕೆ ಸಂಗೀತ, ಸಂದರ್ಶಕರ ಪ್ರಶ್ನೆ, ಮುಕ್ತಾಯ ಕಳೆದರೆ ನಿಮಗೆ ಉಳಿಯುವುದು 10 ನಿಮಿಷ. ಅಂದರೆ 1000 ಪದ, ಪುಸ್ತಕದ ಮೂರು ನಾಲ್ಕು ಪುಟ. 200 ಪುಟ ಬರೆದವರಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. ಖಾಸಗಿ ಎಫ್‌ಎಂನಲ್ಲಿ ಎರಡು ಹಾಡಿನ ನಡುವೆ ಸಿಗುವುದು ಒಂದೋ ಎರಡೋ ನಿಮಿಷ. ಯೂಟ್ಯೂಬ್ ಪಾಡ್‌ಕಾಸ್ಟ್ ಆದರೆ ಒಂದು ಗಂಟೆ ಕೂರಿಸುತ್ತಾರೆ. ಅಲ್ಲಿ ತೊಂದರೆ ಬೇರೆ ಥರ: ಮಾತಿನ ಭರದಲ್ಲಿ ಹೇಳಬಾರದ್ದು ಬಾಯಿಗೆ ಬರುತ್ತದೆ, ಅದನ್ನೇ 40 ಸೆಕೆಂಡಿಗೆ ಕತ್ತರಿಸಿ ಹಾಕುತ್ತಾರೆ.

ಹೆಜ್ಜೆ 3: ಸಂದರ್ಶಕರಿಗೆ ಒಂದು ಹಾಳೆ

ನಿಮ್ಮ ಪುಸ್ತಕವನ್ನು ಅವರು ಪೂರ್ತಿ ಓದಿರುವುದಿಲ್ಲ ಅಂದುಕೊಂಡೇ ಹೊರಡಿ. ಬೇಜಾರು ಮಾಡಿಕೊಳ್ಳಬೇಡಿ. ಅವತ್ತೇ ಅವರಿಗೆ ಕೃಷಿ ವಿಜ್ಞಾನಿ, ದಂತವೈದ್ಯರು, ತತ್ವಪದ ಹಾಡುವವರು ಎಲ್ಲರ ರೆಕಾರ್ಡಿಂಗ್ ಇರಬಹುದು. ಓದಿ ಬಂದಿದ್ದರೆ ಹಬ್ಬ ಅಂದುಕೊಳ್ಳಿ.

ಒಂದು ಹಾಳೆ ತಯಾರು ಮಾಡಿ. ಮೇಲೆ ನಿಮ್ಮ ಹೆಸರು, ಪುಸ್ತಕದ ಹೆಸರು, ಪ್ರಕಾಶನ. ಹೆಸರನ್ನು ಹೇಗೆ ಹೇಳಬೇಕು ಅನ್ನುವ ಗೊಂದಲ ಇದ್ದರೆ ಬಿಡಿಸಿ ಬರೆಯಿರಿ. ಕೆಳಗೆ ಮೂರು ಸಾಲಿನ ಪರಿಚಯ. ಮೂರೇ ಸಾಲು. ನನ್ನ 6 ನಿಮಿಷದ ಆತ್ಮಕಥೆ ತಪ್ಪುತ್ತಿದ್ದದ್ದು ಇಲ್ಲೇ. ಪರಿಚಯವನ್ನು ಅವರ ಬಾಯಲ್ಲೇ ಹೇಳಿಸಿದರೆ ನೀವು ನೇರ ವಿಷಯಕ್ಕೆ ಇಳಿಯಬಹುದು. ಆಮೇಲೆ ಐದಾರು ಪ್ರಶ್ನೆ. "ಕೆರೆಗಳು ಮುಖ್ಯ ಅಲ್ವಾ?" ಅಂತ ಕೇಳಿದರೆ "ಹೌದು" ಅನ್ನದೆ ಬೇರೆ ದಾರಿಯಿಲ್ಲ. "ಕೆರೆಯ ತೂಬು ಎತ್ತುವ ಹಕ್ಕು ಯಾರಿಗಿತ್ತು?" ಅಂದರೆ ಕಥೆ ಹೊರಡುತ್ತದೆ (ತೂಬು ಅಂದರೆ ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಗಿಲು). ಅಂಥ ಪ್ರಶ್ನೆ ಬರೆದುಕೊಡಿ. ಅದನ್ನೇ ಕೇಳಬೇಕು ಅಂತ ಹಠ ಬೇಡ. ಪುಸ್ತಕದಲ್ಲಿ ಮೂರು ಕಡೆ ಬಣ್ಣದ ಚೀಟಿ ಅಂಟಿಸಿ ಕೊಡಿ. ಸ್ಟುಡಿಯೊಗೆ ನಡೆದು ಹೋಗುವಾಗಲಾದರೂ ಆ ಪುಟಗಳ ಮೇಲೆ ಕಣ್ಣಾಡುತ್ತದೆ.

ಹೆಜ್ಜೆ 4: ಪುಸ್ತಕದಿಂದ ಮಾತನ್ನು ಹೆಕ್ಕುವುದು

ನಿಜವಾದ ಕೆಲಸ ಇದೇ. ಒಂದು ವಾರ ಕೊಡಿ ಇದಕ್ಕೆ.

ನನ್ನ ಪುಸ್ತಕದ ಮುನ್ನುಡಿಯಲ್ಲಿ ಹೀಗಿತ್ತು: 'ದಕ್ಷಿಣ ಕರ್ನಾಟಕದ ಸಾಂಪ್ರದಾಯಿಕ ಜಲನಿರ್ವಹಣಾ ವ್ಯವಸ್ಥೆಯ ಸಾಮಾಜಿಕ ಆಯಾಮಗಳನ್ನು ಶೋಧಿಸುವ ಕೃತಿ.' ಮೊದಲ ಸಂದರ್ಶನದಲ್ಲಿ ನಾನು ಹೇಳಿದ್ದೂ ಇದನ್ನೇ. ಬೀನ್ಸ್ ಹೆಚ್ಚುತ್ತಿದ್ದವರು ಅಲ್ಲಿಗೇ ಕಿವಿ ಮುಚ್ಚಿರುತ್ತಾರೆ. ಈಗ ಹೀಗೆ ಹೇಳುತ್ತೇನೆ:

"ನಮ್ಮ ಕಡೆ ಕೆರೆ ತೂಬು ಎತ್ತೋದಕ್ಕೆ ಒಬ್ಬರಿಗೇ ಹಕ್ಕು. ನೀರುಗಂಟಿ ಅಂತ ಅವರಿಗೆ ಹೆಸರು. ಗೌಡರ ಗದ್ದೆ ಆದರೂ ಅಷ್ಟೇ, ಅವರು ಬಿಟ್ಟಷ್ಟೇ ನೀರು. ಸುಗ್ಗಿ ಕಾಲಕ್ಕೆ ಕಾಳು ಅಳೆದು ಕೊಡೋರು, ಅದೇ ಕೂಲಿ. ಇಡೀ ಊರಿನ ನೀರು ಅವರ ಕೈಯಲ್ಲಿ. ಆದರೆ ಅದೇ ಗೌಡರ ಮನೆ ಜಗುಲಿ ಮೇಲೆ ಅವರು ಕೂರೋ ಹಾಗಿರಲಿಲ್ಲ."

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಸಂದರ್ಶಕರು ತಾವಾಗಿಯೇ "ಹೌದಾ? ಆಮೇಲೆ?" ಅನ್ನುತ್ತಾರೆ. ಆ "ಆಮೇಲೆ?" ಬಂದರೆ ನೀವು ಗೆದ್ದ ಹಾಗೆ.

ನಿಮ್ಮ ಪುಸ್ತಕದಲ್ಲೂ ಇಂಥ ಮೂರು ತುಣುಕು ಹುಡುಕಿ. ಒಬ್ಬ ಮನುಷ್ಯ, ಒಂದು ಜಾಗ, ಒಂದು ತಿರುವು ಇರಬೇಕು. ಕಾದಂಬರಿಯಾದರೆ ಕಥೆಯನ್ನೆಲ್ಲ ಹೇಳಬೇಡಿ, ಮೊದಲ ಇಕ್ಕಟ್ಟಿನವರೆಗೆ ಬಂದು ನಿಲ್ಲಿಸಿ. ಕವನ ಸಂಕಲನವಾದರೆ ಒಂದು ಕವನ ಹುಟ್ಟಿದ ಗಳಿಗೆ ಹೇಳಿ. ತುಣುಕುಗಳನ್ನು ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದ್ದು ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ, ದನಿ ಶಾಲೆಯ ಮಗ್ಗಿಯ ಹಾಗೆ ಆಗಿಬಿಡುತ್ತದೆ. ಪ್ರತಿಯೊಂದಕ್ಕೂ ಒಂದೇ ಪದದ ನೆನಪು ಸಾಕು. ನನ್ನ ಚೀಟಿಯಲ್ಲಿ ಇರುತ್ತಿದ್ದದ್ದು: ಜಗುಲಿ, ಕೋಡಿ, ಅಜ್ಜಿ.

ಇನ್ನೊಂದು ವಿಷಯ, ಕನ್ನಡದ್ದೇ ತೊಡಕು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರೆಯುವಾಗ ನಾವು 'ಹೋಗಿದ್ದಾಗ', 'ನೋಡಿದ್ದರಿಂದ', 'ಅನಿಸಿದ್ದರೂ' ಅಂತ ಹೆಣೆದು ಹೆಣೆದು ಕೊನೆಗೆ ಒಂದು ಕಡೆ ಇಳಿಸುತ್ತೇವೆ. ಕೇಳುವವರು ಅಲ್ಲಿಯವರೆಗೆ ತಲೆ ಮೇಲೆ ಮೂಟೆ ಹೊತ್ತುಕೊಂಡೇ ನಿಂತಿರಬೇಕು. ಎಡಿಟ್ ಮಾಡುವವರಿಗೂ ಕತ್ತರಿ ಹಾಕಲು ಜಾಗ ಸಿಗುವುದಿಲ್ಲ. ಆಗ ಇಡೀ ಉತ್ತರವನ್ನೇ ಎತ್ತಿ ಬಿಸಾಡುತ್ತಾರೆ. "ಹೋದೆ. ನೋಡಿದೆ. ಬೇಜಾರಾಯ್ತು." ಹೀಗೆ ಮುಗಿಸುತ್ತಾ ಹೋಗಿ.

ನಿಮ್ಮ ಊರಿನ ಕನ್ನಡವನ್ನು ಇಸ್ತ್ರಿ ಮಾಡಬೇಡಿ. ಧಾರವಾಡದವರು ಧಾರವಾಡದ ಹಾಗೆ, ಕುಂದಾಪುರದವರು ಕುಂದಾಪುರದ ಹಾಗೆ ಮಾತಾಡಲಿ. ಬೇರೆ ಕಡೆಯವರಿಗೆ ಗೊತ್ತಾಗದ ಪದ ಬಂದರೆ ಬೆನ್ನಿಗೇ ಇನ್ನೊಂದು ಪದ ಹೇಳಿದರಾಯಿತು. "ಕೋಡಿ, ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗೋ ಜಾಗ." ಅಷ್ಟೇ. ಸ್ಟುಡಿಯೊದ ಹವಾನಿಯಂತ್ರಣಕ್ಕೆ ಹೆದರಿ ಗ್ರಂಥದ ಭಾಷೆಗೆ ಹಾರುವವರೇ ಜಾಸ್ತಿ. ಹ-ಅ, ಶ-ಸ ವ್ಯತ್ಯಾಸದ ಬಗ್ಗೆ ಅಳುಕಿದ್ದರೆ ಪುಸ್ತಕದ ಹೆಸರು ಮತ್ತು ಓದುವ ಭಾಗವನ್ನು ಮಾತ್ರ ಹತ್ತು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಉಳಿದದ್ದನ್ನು ಯಾರೂ ಎಣಿಸುವುದಿಲ್ಲ.

ಓದುವ ಭಾಗ ಒಂದು ನಿಮಿಷ ಮೀರದಿರಲಿ. ಸಂಭಾಷಣೆ ಇರುವ ಜಾಗ ಚೆನ್ನ. ಪುಸ್ತಕ ಹಿಡಿದು ಓದುವುದಕ್ಕಿಂತ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಓದಿ. ಹಾಳೆಯ ಒಂದೇ ಬದಿಗೆ. ಪಿನ್ ಹಾಕಬೇಡಿ, ಪುಟ ಮಗುಚಿದರೆ ಮೈಕಿಗೆ ಅದು ಬಿರುಗಾಳಿ.

ಹೆಜ್ಜೆ 5: ಮನೆಯಲ್ಲೇ ಒಂದು ಸುತ್ತು

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ, ಎಲ್ಲರಿಗೂ ಹಾಗೇ. ನಿಮ್ಮ ಮಾತಿನ ಊರುಗೋಲು ಯಾವುದು ಅಂತ ಹುಡುಕಿ. "ಏನಪ್ಪಾ ಅಂದ್ರೆ", "ಒಂದು ರೀತಿಯಲ್ಲಿ", "ಆ ಒಂದು ನಿಟ್ಟಿನಲ್ಲಿ". ನನಗಿದ್ದದ್ದು "ಮುಖ್ಯವಾಗಿ". 10 ನಿಮಿಷದಲ್ಲಿ 19 ಸಲ. ನನ್ನ ಮಗಳು ಎಣಿಸಿ ಹೇಳಿದಳು.

ಮಾತಾಡಿಸಲು ಮನೆಯಲ್ಲಿ ಪುಸ್ತಕ ಓದದೇ ಇರುವವರನ್ನು ಕೂರಿಸಿ. ಸಿಗುವುದು ಕಷ್ಟ ಏನಲ್ಲ. ಅವರ ಮುಖ ಎಲ್ಲಿ ಸಪ್ಪೆಯಾಗುತ್ತದೋ ಅಲ್ಲಿ ಮಾತು ಉದ್ದವಾಯಿತು ಅಂತ ಅರ್ಥ.

ಹೆಜ್ಜೆ 6: ಬಂದೇ ಬರುವ ಪ್ರಶ್ನೆಗಳು

"ಇಂದಿನ ಯುವಜನರಿಗೆ ನಿಮ್ಮ ಸಂದೇಶ ಏನು?" ಇದು ಬರುತ್ತದೆ. ನೀವು ಅಡುಗೆ ಪುಸ್ತಕ ಬರೆದಿದ್ದರೂ ಬರುತ್ತದೆ. "ಓದಬೇಕು, ಸಂಸ್ಕೃತಿ ಉಳಿಸಬೇಕು" ಅಂದರೆ ಸಂದರ್ಶನ ಅಲ್ಲೇ ಮಲಗುತ್ತದೆ. ನಾನು "ಈ ಭಾನುವಾರ ನಿಮ್ಮೂರ ಕೆರೆ ಏರಿ ಮೇಲೆ ಒಂದು ಸಲ ನಡೆದು ಬನ್ನಿ, ತೂಬು ಎಲ್ಲಿದೆ ಅಂತ ಹುಡುಕಿ" ಅನ್ನುತ್ತೇನೆ. ನಿಮ್ಮ ಪುಸ್ತಕಕ್ಕೆ ಹೊಂದುವ ಒಂದು ಸಣ್ಣ ಕೆಲಸ ಹೇಳಿ.

"ಸ್ಫೂರ್ತಿ ಯಾರು?" ಅಂದರೆ ಒಬ್ಬರ ಹೆಸರು ಸಾಕು, ಪಟ್ಟಿ ಬೇಡ. "ಕನ್ನಡ ಓದುವವರು ಕಮ್ಮಿ ಆಗ್ತಿದ್ದಾರಲ್ವಾ?" ಅಂದಾಗ ಗೋಳಾಡಬೇಡಿ. ನಿಮ್ಮನ್ನು ಕೇಳುತ್ತಿರುವವರ ಮುಂದೆ ಓದುವವರಿಲ್ಲ ಅನ್ನುವುದು ಊಟಕ್ಕೆ ಬಂದವರ ಮುಂದೆ ನೆಂಟರೇ ಇಲ್ಲ ಅಂದ ಹಾಗೆ.

ಪುಸ್ತಕದಲ್ಲಿ ಜಾತಿ, ಧರ್ಮ, ಬದುಕಿರುವ ವ್ಯಕ್ತಿಗಳ ಪ್ರಸ್ತಾಪ ಇದ್ದರೆ ಅದನ್ನು ಮೊದಲೇ ಯೋಚಿಸಿ. ಆಕಾಶವಾಣಿಗೆ ತನ್ನದೇ ಪ್ರಸಾರ ಸಂಹಿತೆ ಇದೆ. ಧರ್ಮ ಅಥವಾ ಸಮುದಾಯದ ಮೇಲೆ ದಾಳಿ, ಮಾನಹಾನಿ, ಹೆಸರು ಹಿಡಿದು ರಾಜಕೀಯ ಪಕ್ಷವನ್ನು ಟೀಕಿಸುವುದು ಅಲ್ಲಿ ನಡೆಯುವುದಿಲ್ಲ. ಹಾಗಂತ ಸತ್ಯ ನುಂಗಬೇಕಿಲ್ಲ. ಜಗುಲಿಯ ಕಥೆಯಲ್ಲಿ ನಾನು ಯಾರ ಹೆಸರೂ ಹೇಳುವುದಿಲ್ಲ, ಆದರೂ ಕೇಳಿದವರಿಗೆ ತಮ್ಮ ಊರಿನ ಜಗುಲಿ ನೆನಪಾಗುತ್ತದೆ. ಪುಸ್ತಕದ ಬೆಲೆ, ಪ್ರಕಾಶಕರ ಫೋನ್ ನಂಬರ್ ಹೇಳಬಹುದಾ ಅಂತಲೂ ಮುಂಚೆ ಕೇಳಿಕೊಳ್ಳಿ. ಜಾಹೀರಾತಿನ ವಾಸನೆ ಬಂದರೆ ಕತ್ತರಿ ಬೀಳುತ್ತದೆ.

ಗೊತ್ತಿಲ್ಲದ್ದನ್ನು ಕೇಳಿದರೆ "ಅದು ನನಗೆ ಗೊತ್ತಿಲ್ಲ. ನಾನು ನೋಡಿದ್ದು ಏನಂದ್ರೆ..." ಅಂತ ನಿಮ್ಮ ಮೂರು ತುಣುಕಿನ ಒಂದರ ಕಡೆ ತಿರುಗಿ. ಸೋಗು ಹಾಕಿದರೆ ದನಿ ತಡವರಿಸುತ್ತದೆ, ಮೈಕು ಅದನ್ನು ಹಿಡಿದುಬಿಡುತ್ತದೆ.

ಫೋನ್-ಇನ್ ಕಾರ್ಯಕ್ರಮವಾದರೆ ಬೇರೆಯೇ ಮಜಾ. "ಸಾರ್ ನಮಸ್ಕಾರ, ಕಾರ್ಯಕ್ರಮ ತುಂಬ ಚೆನ್ನಾಗಿ ಮೂಡಿಬರ್ತಾ ಇದೆ" ಅಂತ ಶುರುವಾಗುತ್ತದೆ. ಕರೆ ಮಾಡಿದವರು ರೇಡಿಯೊ ಪಕ್ಕದಲ್ಲೇ ಇಟ್ಟುಕೊಂಡಿದ್ದರೆ ಕುಯ್ ಅಂತ ಸದ್ದು ಬರುತ್ತದೆ, ವಾಲ್ಯೂಮ್ ಕಮ್ಮಿ ಮಾಡಿ ಅಂತ ಬೇಡಿಕೊಳ್ಳಬೇಕು. ಪ್ರಶ್ನೆ ಪುಸ್ತಕದ ಬಗ್ಗೆಯೇ ಇರಬೇಕೆಂದಿಲ್ಲ. ನನಗೆ ಬಂದದ್ದು "ನಮ್ಮೂರ ಕೆರೆ ಒತ್ತುವರಿ ಆಗಿದೆ, ಯಾರಿಗೆ ದೂರು ಕೊಡೋದು?" ತಹಶೀಲ್ದಾರರಿಗೆ ಬರೆದು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ ಅಂದೆ. ನಿಮ್ಮ ವಿಷಯದ ಸುತ್ತಮುತ್ತಲಿನ ಇಂಥ ಎರಡು ಮೂರು ಪ್ರಶ್ನೆಗೆ ತಯಾರಿರಿ. ಕರೆ ಮಾಡಿದವರ ಹೆಸರು, ಊರು ಬರೆದುಕೊಂಡು ಉತ್ತರಿಸುವಾಗ ಹೇಳಿ, ಅವರಿಗೆ ಖುಷಿಯಾಗುತ್ತದೆ.

ಹೆಜ್ಜೆ 7: ಆ ದಿನ

ಅರ್ಧ ಗಂಟೆ ಮುಂಚೆ ಹೋಗಿ. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಸಹಿ ಹಾಕಲು ಕರಾರು ಪತ್ರ ಇರಬಹುದು, ಸಂಭಾವನೆಗೆ ಬ್ಯಾಂಕ್ ವಿವರ ಬೇಕಾಗಬಹುದು. ಹೊಟ್ಟೆ ತೀರ ಖಾಲಿ ಇದ್ದರೆ ಗುರುಗುಟ್ಟುತ್ತದೆ, ಬಿಸಿಬೇಳೆಬಾತ್ ತಿಂದು ಹೋದರೆ ಏದುಸಿರು. ಎರಡು ಇಡ್ಲಿ ಸರಿ. ಹಾಲು ಹಾಕಿದ ಕಾಫಿ ಕುಡಿದ ತಕ್ಷಣ ನನಗೆ ಗಂಟಲು ಅಂಟಂಟಾಗುತ್ತದೆ, ಅದಕ್ಕೇ ಉಗುರುಬೆಚ್ಚಗಿನ ನೀರು ಒಯ್ಯುತ್ತೇನೆ.

ಗಾಜಿನ ಬಳೆ, ಕೀಗೊಂಚಲು, ಜೇಬಿನ ಚಿಲ್ಲರೆ ಹೊರಗಿಡಿ. ಗರಿಗರಿ ರೇಷ್ಮೆ ಸೀರೆ ಕೈಯಾಡಿಸಿದರೆ ಸರಸರ ಅನ್ನುತ್ತದೆ. ಮೊಬೈಲ್ ಸೈಲೆಂಟ್‌ನಲ್ಲಿ ಇಟ್ಟರೂ ಮೇಜಿನ ಮೇಲೆ ಗುಂಯ್‌ಗುಡುತ್ತದೆ, ಪೂರ್ತಿ ಆಫ್ ಮಾಡಿ.

ಮೈಕಿಗೂ ಬಾಯಿಗೂ ಒಂದು ಗೇಣು ಅಂತರ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮ ಮುಂದೆ ಕೂತ ಎಂಜಿನಿಯರ್ ಬೇರೆ ಹೇಳಿದರೆ ಅವರ ಮಾತೇ ಅಂತಿಮ. 'ಪ' ಮತ್ತು ಮಹಾಪ್ರಾಣಗಳು ಮೈಕಿಗೆ ಗಾಳಿ ಊದುತ್ತವೆ. ಲೇಖಕರ ಗ್ರಹಚಾರ ನೋಡಿ, ಪುಸ್ತಕ, ಪ್ರಕಾಶಕ, ಪ್ರತಿ, ಪುಟ, ಭಾಷೆ, ಎಲ್ಲ ಅವೇ ಅಕ್ಷರ! ಮೈಕಿಗೆ ನೇರವಾಗಿ ಊದದೆ ಸ್ವಲ್ಪ ಓರೆಯಾಗಿ ಕೂತರೆ ಸರಿಹೋಗುತ್ತದೆ. ದನಿ ಪರೀಕ್ಷೆಗೆ "ಹಲೋ, ಒಂದು, ಎರಡು" ಅನ್ನಬೇಡಿ. ಬೆಳಿಗ್ಗೆ ಏನು ತಿಂದಿರಿ ಅಂತ ಮಾಮೂಲಿ ದನಿಯಲ್ಲಿ ಹೇಳಿ. ಮಾತಾಡುವ ದನಿಗೇ ಅವರು ಮಟ್ಟ ಹೊಂದಿಸಬೇಕು.

ರೆಕಾರ್ಡಿಂಗ್ ಆದರೆ ತಪ್ಪಿದಾಗ ಒಂದು ಉಸಿರು ನಿಲ್ಲಿಸಿ, ವಾಕ್ಯವನ್ನು ಮೊದಲಿಂದ ಹೇಳಿ. ನಡುವಿನಿಂದ ತೇಪೆ ಹಾಕಬೇಡಿ. ನೇರ ಪ್ರಸಾರದಲ್ಲಿ ತಪ್ಪಿದರೆ ತಿದ್ದಿಕೊಂಡು ಮುಂದೆ ಹೋಗಿ. ಮತ್ತೆ, "ನನ್ನ ಪುಸ್ತಕ", "ಈ ಕೃತಿ" ಅನ್ನಬೇಡಿ. ಹೆಸರು ಹೇಳಿ. ಶುರುವಿನಲ್ಲಿ ಒಮ್ಮೆ, ನಡುವೆ ಒಮ್ಮೆ, ಕೊನೆಗೆ ಒಮ್ಮೆ. ಅರ್ಧದಲ್ಲಿ ರೇಡಿಯೊ ಹಾಕಿದವರಿಗೂ ಸಿಗಬೇಕಲ್ಲ.

ಹೆಜ್ಜೆ 8: ಟಿವಿ, ಮತ್ತೆ ಮನೆಯಿಂದ ಮಾತಾಡುವುದು

ದೂರದರ್ಶನ ಚಂದನವೋ ಖಾಸಗಿ ಚಾನೆಲ್ಲೋ, ಮೇಲೆ ಹೇಳಿದ ತಯಾರಿಯೇ ಸಾಕು. ಬಟ್ಟೆಯದಷ್ಟೇ ಹೆಚ್ಚುವರಿ ಚಿಂತೆ. ಸಣ್ಣ ಚೌಕುಳಿ, ಒತ್ತೊತ್ತಾದ ಗೆರೆ ಕ್ಯಾಮೆರಾದಲ್ಲಿ ಅಲುಗಾಡುತ್ತವೆ. ಹಿನ್ನೆಲೆಗೆ ಹಸಿರು ಪರದೆ ಇದ್ದರೆ ಹಸಿರು ಬಟ್ಟೆ ಹಾಕಿದವರು ಮಾಯ. ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ. ಮೈಕ್ ಸಿಕ್ಕಿಸಲು ಕಾಲರ್ ಅಥವಾ ಗಟ್ಟಿ ಅಂಚಿನ ಸೆರಗು ಬೇಕು. ನೋಡಬೇಕಾದ್ದು ಸಂದರ್ಶಕರ ಮುಖವನ್ನು, ಕ್ಯಾಮೆರಾವನ್ನಲ್ಲ. ಹೊಳಪಿನ ರಕ್ಷಾಪುಟವನ್ನು ಲೈಟಿನ ಕೆಳಗೆ ಹಿಡಿದರೆ ಬರೀ ಬೆಳಕು ಕಾಣುತ್ತದೆ. ಮುಖಪುಟದ ಚಿತ್ರವನ್ನು ಮೊದಲೇ ಕಳಿಸಿ, ಪರದೆಯ ಮೇಲೆ ಹಾಕುವ ಹೆಸರಿನ ಕಾಗುಣಿತವನ್ನೂ ಬರೆದು ಕಳಿಸಿ.

ಮನೆಯಿಂದ ಫೋನಿನಲ್ಲೋ ವೀಡಿಯೊ ಕರೆಯಲ್ಲೋ ಆದರೆ ಹಾಸಿಗೆ, ಬಟ್ಟೆಬರೆ ತುಂಬಿದ ಕೋಣೆ ಹುಡುಕಿ. ಬರಿಗೋಡೆಯ ಹಾಲ್‌ನಲ್ಲಿ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಫ್ಯಾನ್ ನಿಲ್ಲಿಸಿ, ವೈರ್ ಇರುವ ಇಯರ್‌ಫೋನ್ ಹಾಕಿ. ಕರೆಂಟ್ ಹೋದರೆ ವೈಫೈ ಸತ್ತುಹೋಗುತ್ತದೆ, ಹಾಗಾಗಿ ಮೊಬೈಲ್ ಡೇಟಾ ತಯಾರಿರಲಿ. ಅಮೆರಿಕ, ದುಬೈ ಕನ್ನಡಿಗರ ಕಾರ್ಯಕ್ರಮವಾದರೆ ಹೊತ್ತು ಯಾವ ಊರಿನ ಲೆಕ್ಕದ್ದು ಅಂತ ಎರಡು ಸಲ ಕೇಳಿ.

ಹೆಜ್ಜೆ 9: ಆದ ಮೇಲೆ

ಪ್ರಸಾರದ ದಿನ, ಹೊತ್ತು ಬರೆದುಕೊಂಡು ಬನ್ನಿ. ಪ್ರಕಾಶಕರಿಗೆ ತಿಳಿಸಿ, ಅಂಗಡಿಗಳಲ್ಲಿ ಪ್ರತಿ ಇದೆಯಾ ನೋಡಿಸಿ. ರೇಡಿಯೊ ಕೇಳಿ ಕೊಳ್ಳಲು ಹೋದವರು ಖಾಲಿ ಕೈಯಲ್ಲಿ ಬಂದರೆ ಮತ್ತೆ ಹೋಗುವುದಿಲ್ಲ. ಪ್ರಸಾರವನ್ನು ನೀವೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಕಾಶವಾಣಿ ಕೇಂದ್ರಗಳು 'ನ್ಯೂಸ್ ಆನ್ ಏರ್' ಆ್ಯಪ್‌ನಲ್ಲೂ ಸಿಗುತ್ತವೆ. ಒಂದು ಮೊಬೈಲ್‌ನಲ್ಲಿ ಹಾಕಿ ಇನ್ನೊಂದರಲ್ಲಿ ಹಿಡಿದರೂ ಆಯಿತು.

ನನ್ನ ಮೊದಲ ಸಂದರ್ಶನವನ್ನು ರೆಕಾರ್ಡ್ ಮಾಡಿದ್ದು ನಮ್ಮಕ್ಕ. ರೇಡಿಯೊ ಅಡುಗೆಮನೆಯ ಶೆಲ್ಫಿನ ಮೇಲಿತ್ತು, ಮೊಬೈಲ್ ಅದರ ಪಕ್ಕದಲ್ಲಿ. ಅದರಲ್ಲಿ ಒಗ್ಗರಣೆ ಚಟಪಟ ಕೇಳುತ್ತದೆ, ಅಕ್ಕ ಹಾಲಿನವನ ಜೊತೆ ಮಾತಾಡುವುದು ಕೇಳುತ್ತದೆ. ಕೊನೆಗೆ ಸಂದರ್ಶಕರು ಪುಸ್ತಕದ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಮೂರನೇ ಸಲ ಕೂಗುತ್ತದೆ. ಈಗಲೂ ಸಂದರ್ಶನಕ್ಕೆ ಹೊರಡುವ ಹಿಂದಿನ ರಾತ್ರಿ ಅದನ್ನೊಮ್ಮೆ ಹಾಕಿ ಕೇಳುತ್ತೇನೆ.